‘ವೇರ್ ದ ರೆಡ್ ಫರ್ನ್ ಗ್ರೋಸ್’: ಮಕ್ಕಳ ಪಕ್ಕ ಕೂತು ಈ ಕಾದಂಬರಿ ಓದುವುದು ಹೇಗೆ

ಹತ್ತು ವರ್ಷದ ಹುಡುಗನೊಬ್ಬನಿಗೆ ಎರಡು ಬೇಟೆನಾಯಿ ಬೇಕು. ಮನೆಯಲ್ಲಿ ದುಡ್ಡಿಲ್ಲ. ಅಪ್ಪನನ್ನು ಪೀಡಿಸಿ ನೋಡುತ್ತಾನೆ, ಅಮ್ಮನ ಹತ್ತಿರ ಅತ್ತು ನೋಡುತ್ತಾನೆ, ಊಟ ಬಿಡುತ್ತಾನೆ, ಕಡೆಗೆ ತಾನೇ ದುಡಿಯಲು ನಿಲ್ಲುತ್ತಾನೆ. ಎರಡು ವರ್ಷ ಕಾಸಿಗೆ ಕಾಸು ಕೂಡಿಸಿ ನಾಯಿಮರಿ ತರುತ್ತಾನೆ. ಅವುಗಳ ಜೊತೆ ಕಾಡು ಸುತ್ತುತ್ತಾನೆ, ಗೆಲ್ಲುತ್ತಾನೆ, ಕೊನೆಗೆ ಎರಡನ್ನೂ ಕಳೆದುಕೊಳ್ಳುತ್ತಾನೆ. ವಿಲ್ಸನ್ ರಾಲ್ಸ್ ಬರೆದ, 1961ರಲ್ಲಿ ಹೊರಬಂದ ‘ವೇರ್ ದ ರೆಡ್ ಫರ್ನ್ ಗ್ರೋಸ್’ ಕಥೆ ಇಷ್ಟೇ. ಅಮೆರಿಕದಲ್ಲಿ ಅರವತ್ತು ವರ್ಷಗಳಿಂದ ಮಕ್ಕಳು ಇದನ್ನು ಓದಿ ಅಳುತ್ತಿದ್ದಾರೆ. ನಮ್ಮ ಮನೆಯಲ್ಲಿ ಮೂರು ಮಕ್ಕಳ ಜೊತೆ, ಮೂರು ಬೇರೆ ಬೇರೆ ವರ್ಷ, ನಾನು ಇದನ್ನು ಗಟ್ಟಿಯಾಗಿ ಓದಿದ್ದೇನೆ.

ಮೊದಲ ಸಲ ತಪ್ಪು ಮಾಡಿದೆ. ಮಗಳಿಗೆ ಒಂಬತ್ತು ವರ್ಷ. ಕೊನೆಯ ಎರಡು ಅಧ್ಯಾಯಕ್ಕೆ ಬಂದಾಗ ನನ್ನ ಧೈರ್ಯ ಕುಸಿಯಿತು. ನಾಯಿಗಳು ವಯಸ್ಸಾಗುವವರೆಗೂ ಸುಖವಾಗಿದ್ದವು ಎಂದು ಹೇಳಿ ಪುಸ್ತಕ ಮುಚ್ಚಿದೆ. ಮುಂದಿನ ವರ್ಷ ಶಾಲೆಯ ಲೈಬ್ರರಿಯಲ್ಲಿ ಅವಳಿಗೆ ಅದೇ ಪುಸ್ತಕ ಸಿಕ್ಕಿತು. ಸಂಜೆ ಮನೆಗೆ ಬಂದವಳು ಚೀಲವನ್ನೂ ಇಳಿಸದೆ, “ಅಮ್ಮಾ, ನೀನು ನನಗೆ ಸುಳ್ಳು ಹೇಳಿದೆ” ಅಂದಳು. ನಾಯಿಗಳು ಸತ್ತದ್ದಕ್ಕಿಂತ ಅದೇ ಅವಳಿಗೆ ಹೆಚ್ಚು ನೋವಾಗಿತ್ತು. ಒಂದೇ ಒಂದು ಹಾಳೆಯನ್ನೂ ಹಾರಿಸದೆ ಈ ಪುಸ್ತಕವನ್ನು ಮಗುವಿನ ಜೊತೆ ದಾಟುವ ಬಗೆಯನ್ನು ಆಮೇಲೆ ಕಲಿತೆ. ಅದನ್ನೇ ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲು ನೀವೊಬ್ಬರೇ ಓದಿ ಮುಗಿಸಿ

ಇದನ್ನು ಬಿಡಲೇಬೇಡಿ. ಪುಸ್ತಕದಲ್ಲಿ ಇಪ್ಪತ್ತು ಅಧ್ಯಾಯಗಳಿವೆ, ಇಂಗ್ಲಿಷ್ ಸರಳವಾಗಿದೆ, ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಅಳು ಬಂದರೆ ಅತ್ತು ಮುಗಿಸಿ. ಮಗುವಿನ ಎದುರು ಓದುವಾಗ ನಿಮ್ಮ ಗಂಟಲು ಎಲ್ಲಿ ಕಟ್ಟುತ್ತದೆ ಎಂಬುದು ನಿಮಗೆ ಮೊದಲೇ ತಿಳಿದಿರಬೇಕು.

ಓದುವಾಗ ಎರಡು ಜಾಗಕ್ಕೆ ಗುರುತು ಹಾಕಿಕೊಳ್ಳಿ. ಒಂದು, 12 ಮತ್ತು 13ನೇ ಅಧ್ಯಾಯದ ಸುತ್ತ ರೂಬಿನ್ ಎಂಬ ಹುಡುಗ ಕೊಡಲಿಯ ಮೇಲೆ ಬಿದ್ದು ಸಾಯುವ ಭಾಗ. ಇನ್ನೊಂದು, ಕೊನೆಯಲ್ಲಿ ಬೆಟ್ಟದ ಸಿಂಹದ (ಪೂಮಾ ಎಂಬ ಅಮೆರಿಕದ ದೊಡ್ಡ ಕಾಡುಬೆಕ್ಕು) ಜೊತೆ ನಡೆಯುವ ಕಾದಾಟ ಮತ್ತು ಆಮೇಲಿನದ್ದು. ಎರಡರಲ್ಲೂ ಗಾಯ, ರಕ್ತದ ವಿವರ ನೇರವಾಗಿ ಬರುತ್ತದೆ. ಪುಸ್ತಕದ ಹಿಂಬದಿಯ ರಕ್ಷಾಪುಟ ಓದಿ, “ಹುಡುಗ ಮತ್ತು ನಾಯಿಗಳ ಸಾಹಸ ಕಥೆ” ಎಂದುಕೊಂಡು ಮಗುವಿನ ಕೈಗೆ ಕೊಡುವವರಿಗೆ ರೂಬಿನ್‌ನ ಸಾವಿನ ಸುಳಿವೂ ಸಿಗುವುದಿಲ್ಲ.

ಹೆಜ್ಜೆ 2: ವಯಸ್ಸು ಮತ್ತು ಹೊತ್ತು

ನನ್ನ ಅನುಭವದಲ್ಲಿ ಹತ್ತು ವರ್ಷ ಸರಿಯಾದ ವಯಸ್ಸು. ಕಥೆಯ ಹುಡುಗ ಬಿಲ್ಲಿಯದೂ ಆರಂಭದಲ್ಲಿ ಅದೇ ವಯಸ್ಸು. ಮಗು ಗಟ್ಟಿಯಿದ್ದರೆ ಒಂಬತ್ತಕ್ಕೂ ಆದೀತು. ಮನೆಯಲ್ಲಿ ಈಚೆಗೆ ಯಾರಾದರೂ ತೀರಿಕೊಂಡಿದ್ದರೆ, ಅಥವಾ ಸಾಕಿದ ಪ್ರಾಣಿ ಸತ್ತಿದ್ದರೆ, ಒಂದು ವರ್ಷ ತಡೆಯಿರಿ.

ವಾರಕ್ಕೆ ನಾಲ್ಕು ಅಧ್ಯಾಯದಂತೆ ಐದು ವಾರ. ಇದಕ್ಕಿಂತ ವೇಗ ಬೇಡ. ಬೇಸಿಗೆ ರಜೆಯಾದರೆ ಒಳ್ಳೆಯದು. ಪರೀಕ್ಷೆಯ ತಿಂಗಳಲ್ಲಿ ಶುರು ಮಾಡಬೇಡಿ. ಇದೇ ಹೆಸರಿನ ಸಿನಿಮಾ 1974ರಲ್ಲಿ ಬಂದಿದೆ, ಅದನ್ನು ಪುಸ್ತಕ ಮುಗಿಯುವವರೆಗೂ ತೋರಿಸಬೇಡಿ.

ಹೆಜ್ಜೆ 3: ಕಥೆ ನಡೆಯುವ ನೆಲ ತೋರಿಸಿ

ಒಂದು ಸಂಜೆ ಅಮೆರಿಕದ ನಕ್ಷೆ ಹರಡಿ. ಒಕ್ಲಹೋಮ ರಾಜ್ಯದ ಈಶಾನ್ಯ ಮೂಲೆ, ಓಝಾರ್ಕ್ ಗುಡ್ಡಗಾಡು, ಇಲಿನಾಯ್ ಎಂಬ ಹೊಳೆ. ಇಲಿನಾಯ್ ರಾಜ್ಯ ಬೇರೆ, ಈ ಹೊಳೆ ಬೇರೆ, ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ಹೊಳೆಯ ಹತ್ತಿರ ಟ್ಯಾಲಕ್ವಾ ಎಂಬ ಪೇಟೆಯನ್ನು ಹುಡುಕಿ ಅದರ ಮೇಲೆ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಅದು ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರ ರಾಜಧಾನಿ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಪುಸ್ತಕ ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಬಿಲ್ಲಿಯ ಮನೆಯವರು ಉಳುವ ಜಮೀನು ಅವನ ಅಮ್ಮನ ಹೆಸರಿಗೆ ಬಂದದ್ದು, ಆಕೆಯ ಮೈಯಲ್ಲಿ ಚೆರೋಕಿ ರಕ್ತ ಇರುವುದರಿಂದ. ಚೆರೋಕಿಗಳ ಮೂಲ ನೆಲ ಆಗ್ನೇಯ ಅಮೆರಿಕದ ಜಾರ್ಜಿಯಾ, ಟೆನೆಸಿ ಕಡೆಯದು. 1838-39ರಲ್ಲಿ ಸರ್ಕಾರ ಸೈನ್ಯ ಕಳಿಸಿ ಅವರನ್ನು ಮನೆಮಠ ಬಿಡಿಸಿ ಪಶ್ಚಿಮಕ್ಕೆ ಅಟ್ಟಿತು. ದಾರಿಯಲ್ಲಿ ಹಸಿವು, ಚಳಿ, ರೋಗಕ್ಕೆ ಸಾವಿರಾರು ಜನ ಸತ್ತರು. ಆ ದಾರಿಗೆ ‘ಕಣ್ಣೀರಿನ ಹಾದಿ’ ಎಂದೇ ಹೆಸರು. ಹಾಗೆ ಬಂದು ನೆಲೆಸಿದ ಕಡೆಯೂ ಎಲ್ಲರದ್ದಾಗಿದ್ದ ನೆಲವನ್ನು ಮುಂದೆ ತುಂಡು ಮಾಡಿ ಒಬ್ಬೊಬ್ಬರ ಹೆಸರಿಗೆ ಹಂಚಿದರು. 1907ರಲ್ಲಿ ಅದು ಒಕ್ಲಹೋಮ ರಾಜ್ಯವಾಯಿತು. ಬಿಲ್ಲಿ ಓಡಾಡುವ ಕಣಿವೆಯ ಅಡಿಯಲ್ಲಿ ಇಷ್ಟೆಲ್ಲ ಇದೆ.

ಇನ್ನೊಂದು ಸಣ್ಣ ಮಾತು. ಪುಸ್ತಕದಲ್ಲಿ “ಇಂಡಿಯನ್” ಎಂದು ಬಂದಾಗ ನನ್ನ ಅಕ್ಕನ ಮಗ ಕಣ್ಣರಳಿಸಿ, “ಚಿಕ್ಕಮ್ಮಾ, ನಮ್ಮವರು ಅಲ್ಲಿಗೆ ಯಾವಾಗ ಹೋದರು?” ಎಂದು ಕೇಳಿದ್ದ. ಕೊಲಂಬಸ್ ಮಾಡಿದ ಎಡವಟ್ಟಿನಿಂದ ಆ ಜನರಿಗೆ ನಮ್ಮ ಹೆಸರು ಅಂಟಿಕೊಂಡಿತು ಎಂದು ಮೊದಲೇ ಹೇಳಿಬಿಡಿ. ಕೊನೆಯಲ್ಲಿ ಬರುವ ಕೆಂಪು ಜರೀಗಿಡದ (ಹೆಸರಿನಲ್ಲಿರುವ ‘ರೆಡ್ ಫರ್ನ್’) ಐತಿಹ್ಯಕ್ಕೆ ಇದು ಬೇಕಾಗುತ್ತದೆ.

ಹೆಜ್ಜೆ 4: ಇಂಗ್ಲಿಷ್ ಕೈಯಲ್ಲಿ, ಕನ್ನಡ ಬಾಯಲ್ಲಿ

ಮಗು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದರೂ ಇದನ್ನು ಕನ್ನಡದಲ್ಲಿ ಹೇಳಿ. ಒಂದು ಪ್ಯಾರಾ ಕಣ್ಣಲ್ಲಿ ಓದಿಕೊಳ್ಳುವುದು, ತಲೆಯೆತ್ತಿ ನಿಮ್ಮ ಮನೆಯ ಮಾತಿನಲ್ಲಿ ಹೇಳುವುದು. ಮೊದಲ ಎರಡು ದಿನ ತಡವರಿಸುತ್ತದೆ, ಮೂರನೆಯ ದಿನ ನಾಲಿಗೆ ತಾನೇ ಹದಕ್ಕೆ ಬರುತ್ತದೆ. ಬಿಲ್ಲಿ ಮಾತಾಡುವುದು ಹಳ್ಳಿಯ ಇಂಗ್ಲಿಷ್. ಅದಕ್ಕೆ ಪುಸ್ತಕದ ಕನ್ನಡ ಹೊಂದುವುದಿಲ್ಲ. ನಿಮ್ಮ ಅಜ್ಜಿಯ ಊರಿನ ಕನ್ನಡ ಚೆನ್ನಾಗಿ ಹೊಂದುತ್ತದೆ, ಅದು ಹಾಸನದ್ದಿರಲಿ, ಹಾವೇರಿಯದ್ದಿರಲಿ.

ಎಚ್ಚರ ಬೇಕಾದ ಜಾಗಗಳೂ ಇವೆ. ಬಿಲ್ಲಿ ತನ್ನ ತಾಯಿಯನ್ನು ಕರೆಯುವುದು ‘ಮಾಮಾ’ ಎಂದು. ಇದನ್ನು ಹಾಗೇ ಓದಿದರೆ ನಮ್ಮ ಮಗು ಸೋದರಮಾವ ಬಂದ ಎಂದುಕೊಂಡು ಮುಂದಿನ ಹತ್ತು ಸಾಲು ಕಳೆದುಕೊಳ್ಳುತ್ತದೆ. ಅಪ್ಪ, ಅಮ್ಮ, ತಾತ ಎಂದೇ ಹೇಳಿ. ಬಿಲ್ಲಿ ತಾತನ ಜೊತೆ ಮಾತಾಡುವಾಗ ‘ನೀನು’ ಬರಬೇಕೋ ‘ನೀವು’ ಬರಬೇಕೋ ಎಂಬುದನ್ನು ಒಮ್ಮೆ ನಿರ್ಧರಿಸಿದರೆ ಕೊನೆಯವರೆಗೂ ಬದಲಿಸಬೇಡಿ. ನಾನು ‘ನೀನು’ ಆರಿಸಿಕೊಂಡೆ. ಆ ತಾತ ಮೊಮ್ಮಗನ ಗುಟ್ಟು ಕಾಯುವ ಗೆಳೆಯ, ಅವರಿಬ್ಬರ ನಡುವೆ ‘ನೀವು’ ತಂದರೆ ಸಲಿಗೆ ಕೆಡುತ್ತದೆ.

ಬಿಲ್ಲಿಯ ನಾಯಿಗಳು ಬೇಟೆಯಾಡುವ ರಕೂನ್ ನಮ್ಮಲ್ಲಿಲ್ಲ. ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದಲ್ಲಿ ಬಳೆ ಬಳೆ, ಬೆರಳಿರುವ ಮುಂಗಾಲು. ರಾತ್ರಿ ಹೊರಬರುತ್ತದೆ, ನೀರಿನ ಅಂಚಿನಲ್ಲಿ ತಡಕಾಡುತ್ತದೆ, ಬೆನ್ನಟ್ಟಿದರೆ ಮರ ಏರುತ್ತದೆ. ರಾತ್ರಿ ಹೆಂಚಿನ ಮೇಲೆ ಓಡಾಡುವ ಪುನುಗು ಬೆಕ್ಕನ್ನು ನೋಡಿದ ಮಕ್ಕಳಿಗೆ ಅದನ್ನು ನೆನಪಿಸಬಹುದು, ಆದರೆ ಎರಡೂ ನೆಂಟರಲ್ಲ ಎಂದೂ ಹೇಳಿ. ನಾಯಿ ರಕೂನನ್ನು ಬೆನ್ನಟ್ಟಿ ಮರಕ್ಕೇರಿಸಿ ಬುಡದಲ್ಲಿ ಬೊಗಳುತ್ತ ನಿಲ್ಲುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದವಿದೆ, ಪುಸ್ತಕದ ತುಂಬ ಅದು ಬರುತ್ತದೆ. “ಮರ ಹತ್ತಿಸಿತು” ಎಂದರೆ ಸಾಕು. ಎರಡನೇ ವಾರಕ್ಕೆ ನಮ್ಮ ಮನೆಯಲ್ಲಿ ಅದು ಆಟದ ಮಾತಾಗಿತ್ತು. ತಮ್ಮ ಅಕ್ಕನನ್ನು ಅಟ್ಟಿಸಿಕೊಂಡು ಹೋಗಿ ಮಂಚ ಹತ್ತಿಸುತ್ತಿದ್ದ.

ಹೆಜ್ಜೆ 5: ಡಬ್ಬಿಯನ್ನು ಮೇಜಿನ ಮೇಲಿಡಿ

ಇಡೀ ಪುಸ್ತಕದಲ್ಲಿ ನಿಧಾನವಾಗಿ ಓದಲೇಬೇಕಾದ ಭಾಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಸಾವಿನ ಅಧ್ಯಾಯವನ್ನಲ್ಲ, ಬಿಲ್ಲಿ ದುಡ್ಡು ಕೂಡಿಸುವ ಎರಡು ವರ್ಷಗಳನ್ನು.

ಮೀನು ಹಿಡಿಯಲು ಬಂದವರು ಬಿಟ್ಟುಹೋದ ಬಿಡಾರದಲ್ಲಿ ಬಿಲ್ಲಿಗೆ ಒಂದು ಪತ್ರಿಕೆ ಸಿಗುತ್ತದೆ. ಅದರಲ್ಲಿ ಸಣ್ಣ ಜಾಹೀರಾತು: ಕೆಂಟಕಿಯ ನಾಯಿಸಾಕಣೆಯವರ ರೆಡ್‌ಬೋನ್ ತಳಿಯ ಬೇಟೆನಾಯಿ ಮರಿಗಳು, ಒಂದಕ್ಕೆ 25 ಡಾಲರ್. ಎರಡಕ್ಕೆ 50. ಬೇಕಿಂಗ್ ಪೌಡರಿನ ಹಳೇ ಡಬ್ಬಿಯೊಂದನ್ನು ಉಜ್ಜಿ ತೊಳೆದು ಅವನು ದುಡಿಮೆ ಶುರು ಮಾಡುತ್ತಾನೆ. ಮೀನುಗಾರರಿಗೆ ಹೊಳೆ ಸೀಗಡಿ, ಸಣ್ಣ ಮೀನು, ತರಕಾರಿ ಮಾರುತ್ತಾನೆ. ಮುಳ್ಳುಪೊದೆಯಲ್ಲಿ ಕೈಕಾಲು ಗೀಚಿಸಿಕೊಂಡು ಬೆರಿ ಹಣ್ಣು ಕಿತ್ತು ತಾತನ ಅಂಗಡಿಗೆ ಕೊಡುತ್ತಾನೆ. ಚಳಿಗಾಲದಲ್ಲಿ ಬೋನಿಟ್ಟು ಸಣ್ಣ ಪ್ರಾಣಿಗಳ ತೊಗಲು ಮಾರುತ್ತಾನೆ. ಎಲ್ಲ ಚಿಲ್ಲರೆಯೂ ಆ ಡಬ್ಬಿಗೆ.

ನಾವು ಮಾಡಿದ್ದು ಹೀಗೆ. ಅಡುಗೆಮನೆಯಿಂದ ಖಾಲಿ ತಗಡಿನ ಡಬ್ಬಿ ತಂದು ಓದುವ ಜಾಗದಲ್ಲಿಟ್ಟೆವು. ಮಗುವಿಗೆ ಬೇಕಾದದ್ದು ಒಂದನ್ನು ಅವನೇ ಆರಿಸಿದ. ದುಬಾರಿಯದಲ್ಲ, 300 ರೂಪಾಯಿಯ ಭೂತಗನ್ನಡಿ. ಹೂವಿನ ಕುಂಡಗಳಿಗೆ ನೀರು ಹಾಕಿದರೆ ಐದು ರೂಪಾಯಿ, ಅಜ್ಜನ ಕನ್ನಡಕ ಒರೆಸಿ ಪೇಪರ್ ಓದಿ ಹೇಳಿದರೆ ಐದು ರೂಪಾಯಿ. ಮುಂಗಡ ಇಲ್ಲ, ಸಾಲ ಇಲ್ಲ, ಹುಟ್ಟುಹಬ್ಬದ ನೆಪದಲ್ಲಿ ನೋಟು ತುರುಕುವಂತಿಲ್ಲ. ಮೂರನೇ ವಾರ ಅವನು ಡಬ್ಬಿಯನ್ನು ಅಲ್ಲಾಡಿಸಿ ಕಿವಿಗಿಟ್ಟುಕೊಂಡು, “ಅಮ್ಮಾ, ಬಿಲ್ಲಿಗೆ ಎರಡು ವರ್ಷ ಹಿಡೀತಾ?” ಅಂದ. ಆ ಪ್ರಶ್ನೆ ಬಂದ ಮೇಲೆ ಮುಂದಿನ ಯಾವ ಅಧ್ಯಾಯಕ್ಕೂ ನಾನು ವಿವರಣೆ ಕೊಡಬೇಕಾಗಲಿಲ್ಲ.

ತಾತನ ಅಂಗಡಿಯಲ್ಲಿ ಹುಡುಗ ಡಬ್ಬಿಯನ್ನು ಬೋರಲು ಹಾಕುವ ಸಂದರ್ಭವನ್ನು ಮಾತ್ರ ಅವಸರವಿಲ್ಲದೆ ಓದಿ. ಚಿಲ್ಲರೆ ರಾಶಿ ನೋಡಿ ಮುದುಕನ ಕಣ್ಣು ತೇವವಾಗುತ್ತದೆ. ಅವನು ಉಪದೇಶ ಮಾಡುವುದಿಲ್ಲ, ಹೊರಡುವಾಗ ಒಂದು ಪೊಟ್ಟಣ ತುಂಬ ಮಿಠಾಯಿ ಕೊಡುತ್ತಾನೆ ಅಷ್ಟೇ. ಆಮೇಲೆ ಗೊತ್ತಾಗುತ್ತದೆ, ಮರಿಗಳ ಬೆಲೆ ಐದೈದು ಡಾಲರ್ ಇಳಿದಿದೆ. ಉಳಿದ ಹತ್ತು ಡಾಲರಿನಲ್ಲಿ ಬಿಲ್ಲಿ ತನಗೇನೂ ಕೊಳ್ಳುವುದಿಲ್ಲ. ಅಪ್ಪನಿಗೆ ಓವರಾಲ್, ಅಮ್ಮನಿಗೂ ತಂಗಿಯರಿಗೂ ಬಟ್ಟೆ, ಮಿಠಾಯಿ. ಈ ಹುಡುಗ ಎಂಥವನು ಎಂದು ಮಗುವನ್ನು ಕೇಳಬೇಡಿ. ಕೇಳಿದರೆ ಅದು ನೀತಿಪಾಠವಾಗುತ್ತದೆ. ಓದಿ ಮುಂದೆ ಹೋಗಿ.

ಹೆಜ್ಜೆ 6: ಪೇಟೆಯ ನಡಿಗೆ, ಗುಹೆಯ ರಾತ್ರಿ

ಮರಿಗಳು ರೈಲಿನಲ್ಲಿ ಟ್ಯಾಲಕ್ವಾಗೆ ಬಂದಿಳಿಯುತ್ತವೆ. ಬಿಲ್ಲಿ ಮನೆಯಲ್ಲಿ ಹೇಳದೆ ರಾತ್ರಿ ಎದ್ದು ಬರಿಗಾಲಲ್ಲಿ ಗುಡ್ಡ ಹಾಯ್ದು ಹೋಗುತ್ತಾನೆ. ಪೇಟೆ ಹುಡುಗರು ಅವನ ಬಟ್ಟೆ ನೋಡಿ ನಗುತ್ತಾರೆ, ಹೊಡೆದಾಟವಾಗುತ್ತದೆ, ಪೊಲೀಸು ಬಂದು ಬಿಡಿಸಿ ಅವನಿಗೆ ಜೀವನದ ಮೊದಲ ಸೋಡಾ ಕುಡಿಸುತ್ತಾನೆ. ಗೋಣಿಚೀಲದಿಂದ ಎರಡು ಪುಟ್ಟ ತಲೆಗಳು ಇಣುಕುತ್ತಿರುತ್ತವೆ.

ಹಿಂದಿರುಗುವ ರಾತ್ರಿ ಅವನು ಗುಹೆಯಲ್ಲಿ ಬೆಂಕಿ ಹಾಕಿ ಮಲಗುತ್ತಾನೆ. ಬೆಟ್ಟದ ಸಿಂಹವೊಂದು ಕೂಗುತ್ತದೆ. ಗಂಡುಮರಿ ಗುಹೆಯ ಬಾಯಿಗೆ ಬಂದು ತಿರುಗಿ ಬೊಗಳುತ್ತದೆ, ಹೆಣ್ಣುಮರಿಯೂ ಅದರ ಪಕ್ಕಕ್ಕೆ ಬರುತ್ತದೆ. ಈ ಅಧ್ಯಾಯವನ್ನು ದೀಪ ಆರಿಸಿ ಟಾರ್ಚ್ ಹಿಡಿದು ಓದಿ. ಕಥೆಯ ಕೊನೆಗೆ ಇದೇ ಕೂಗು ಮತ್ತೆ ಬರುತ್ತದೆ. ಮಗುವಿನ ಕಿವಿಯಲ್ಲಿ ಇದು ಉಳಿದಿದ್ದರೆ ಆಗ ನೀವು ಏನನ್ನೂ ನೆನಪಿಸಬೇಕಾಗುವುದಿಲ್ಲ.

ಹೆಸರು ಸಿಗುವುದು ಸಿಕಮೋರ್ ಮರದ ತೊಗಟೆಯಲ್ಲಿ ಯಾರೋ ಕೆತ್ತಿದ ಹೃದಯದೊಳಗೆ: ಡ್ಯಾನ್, ಆ್ಯನ್. ಗಂಡುನಾಯಿ ಓಲ್ಡ್ ಡ್ಯಾನ್, ಹೆಣ್ಣುನಾಯಿ ಲಿಟಲ್ ಆ್ಯನ್. ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಬೇಡಿ, ಹಾಗೇ ಕರೆಯಿರಿ.

ಹೆಜ್ಜೆ 7: ನಾಯಿ ಹೇಗೆ ಬೇಟೆಯಾಡುತ್ತದೆ ಎಂದು ಹೇಳಿಕೊಡಿ, ಬೇಟೆಯ ಬಗ್ಗೆ ಮಾತಾಡಿ

ಕರ್ನಾಟಕದ ಮಕ್ಕಳಿಗೆ ಬೇಟೆನಾಯಿ ಎಂದರೆ ಮುಧೋಳ. ಸಣಕಲು ಸೊಂಟ, ಉದ್ದ ಕಾಲು, ಬಾಣದಂತೆ ಓಟ. ನಮ್ಮ ಮುಧೋಳ ನಾಯಿ ಕಣ್ಣಿನ ಬೇಟೆಗಾರ. ಬಯಲಿನಲ್ಲಿ ಮೊಲ ಕಂಡರೆ ಓಡಿ ಹಿಡಿಯುತ್ತದೆ. ರೆಡ್‌ಬೋನ್ ಮೂಗಿನ ಬೇಟೆಗಾರ. ಕತ್ತಲ ಕಾಡಿನಲ್ಲಿ ಪ್ರಾಣಿ ಕಾಣುವುದೇ ಇಲ್ಲ, ಅದು ನಡೆದು ಹೋದ ನೆಲದ ವಾಸನೆಯ ಜಾಡು ಹಿಡಿದು ನಾಯಿ ಹೋಗಬೇಕು. ಹೋಗುತ್ತ ಹೋಗುತ್ತ ಕೂಗಬೇಕು, ಯಾಕೆಂದರೆ ಲಾಟೀನು ಹಿಡಿದು ಹಿಂದೆ ಬರುವ ಬೇಟೆಗಾರನಿಗೆ ಆ ಕೂಗೇ ದಾರಿ. ಜಾಡಿನ ಕೂಗು ಒಂದು ಬಗೆ, ಮರ ಹತ್ತಿಸಿದ ಮೇಲಿನ ಕೂಗು ಇನ್ನೊಂದು ಬಗೆ. ರಕೂನ್ ನೀರಿಗಿಳಿದು ಜಾಡು ಮುರಿಯುತ್ತದೆ, ಮರ ಹತ್ತಿ ಪಕ್ಕಕ್ಕೆ ಜಿಗಿದು ಮೋಸ ಮಾಡುತ್ತದೆ. ಆ ಮೋಸ ಬಿಡಿಸುವುದು ಹೆಚ್ಚಾಗಿ ಆ್ಯನ್. ಡ್ಯಾನ್‌ಗೆ ಬಲ ಮತ್ತು ಹಠ, ಆ್ಯನ್‌ಗೆ ಬುದ್ಧಿ. ಇಷ್ಟು ತಿಳಿದರೆ ಬೇಟೆಯ ಅಧ್ಯಾಯಗಳು ಮಗುವಿಗೆ ಕಬಡ್ಡಿ ಪಂದ್ಯದಂತೆ ಅರ್ಥವಾಗುತ್ತವೆ.

ತಾತ ಕಲಿಸಿಕೊಡುವ ಬೋನನ್ನು ಮನೆಯಲ್ಲಿ ಮಾಡಿ ತೋರಿಸಬಹುದು. ಬಿದ್ದ ಮರದ ದಿಮ್ಮಿಯಲ್ಲಿ ಬೈರಿಗೆಯಿಂದ ತೂತು ಕೊರೆದು, ತಳದಲ್ಲಿ ಹೊಳೆಯುವ ತಗಡಿನ ಚೂರು ಹಾಕಿ, ತೂತಿನ ಬಾಯಲ್ಲಿ ಮೊಳೆಗಳನ್ನು ಓರೆಯಾಗಿ ಒಳಕ್ಕೆ ಹೊಡೆಯುವುದು. ಬರಿಗೈ ಒಳಗೆ ಹೋಗುತ್ತದೆ, ತಗಡು ಹಿಡಿದ ಮುಷ್ಟಿ ಹೊರಗೆ ಬರುವುದಿಲ್ಲ, ರಕೂನ್ ಹಿಡಿದದ್ದನ್ನು ಬಿಡುವುದೂ ಇಲ್ಲ. ಮೊಳೆ ಗಿಳೆ ಬೇಡ, ಕಿರುಬಾಯಿಯ ಉಪ್ಪಿನಕಾಯಿ ಜಾಡಿಯಲ್ಲಿ ಒಂದು ನಿಂಬೆಹಣ್ಣು ಹಾಕಿ ಮಗುವಿಗೆ ಕೈ ಹಾಕಲು ಹೇಳಿ, ಅರ್ಥವಾಗುತ್ತದೆ. ಮಡಕೆಯೊಳಗೆ ಕಡಲೆ ಹಿಡಿದು ಸಿಕ್ಕಿಕೊಂಡ ಕೋತಿಯ ಕಥೆ ನಮ್ಮಲ್ಲೂ ಉಂಟಲ್ಲ.

ನಾಯಿಗಳಿಗೆ ಕಲಿಸಲು ಒಂದು ತೊಗಲು ಸಿಕ್ಕ ಮೇಲೆ ಬಿಲ್ಲಿಯ ಅಪ್ಪ ಎಲ್ಲ ಬೋನುಗಳ ಮೊಳೆ ಕೀಳಿಸುತ್ತಾನೆ, ಪ್ರಾಣಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲದ ಇಂಥ ಬೇಟೆ ನ್ಯಾಯವಲ್ಲ ಎಂದು. ಇದು ಮಾತಾಡಲು ಒಳ್ಳೆಯ ಬಾಗಿಲು. ತೊಗಲು ಮಾರಿದ ದುಡ್ಡು ಆ ಮನೆಗೆ ಬೇಕಿತ್ತು. ಹಾಗೆಂದು ಕೊಂದದ್ದೆಲ್ಲ ಸರಿಯೇ? ನನ್ನ ಮಕ್ಕಳು ಇಬ್ಬರೂ ರಕೂನಿನ ಪರ ನಿಂತರು, ನಾನು ವಾದ ಮಾಡಲಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಪ್ರಾಣಿಯ ಬೇಟೆ ಅಪರಾಧ ಎಂಬುದನ್ನು ಮಾತ್ರ ಖಚಿತವಾಗಿ ಹೇಳಿ.

ಹೆಜ್ಜೆ 8: ದೊಡ್ಡ ಮರ

ಮೊದಲ ಬೇಟೆಯಲ್ಲೇ ನಾಯಿಗಳು ರಕೂನನ್ನು ಕಣಿವೆಯ ಅತಿ ದೊಡ್ಡ ಸಿಕಮೋರ್ ಹತ್ತಿಸುತ್ತವೆ. ಮರ ಹತ್ತಿಸಿದರೆ ಮಿಕ್ಕದ್ದು ನನ್ನದು ಎಂದು ಬಿಲ್ಲಿ ನಾಯಿಗಳಿಗೆ ಮಾತು ಕೊಟ್ಟಿರುತ್ತಾನೆ. ಅದಕ್ಕೇ ಅಂಗೈ ಬೊಬ್ಬೆ ಒಡೆದು ರಕ್ತ ಬಂದರೂ ದಿನಗಟ್ಟಲೆ ಕಡಿಯುತ್ತಾನೆ. ಇದನ್ನು ಎರಡು ರಾತ್ರಿಗೆ ಹಂಚಿ. ನಡುವೆ ನಿಲ್ಲಿಸಿದರೆ ಮಗು ಸಿಟ್ಟಾಗುತ್ತದೆ, ಆದರೂ ನಿಲ್ಲಿಸಿ. ಕೈ ಸೋತ ಮೇಲೆ ಅವನು ದೇವರಲ್ಲಿ ಬೇಡಿಕೊಳ್ಳುತ್ತಾನೆ, ಗಾಳಿ ಎದ್ದು ಮರ ಬೀಳುತ್ತದೆ. ಪ್ರಾರ್ಥನೆ ಈ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ, ಅದನ್ನು ಬಿಡದೆ ಇದ್ದಂತೆಯೇ ಓದಿ.

ಹೆಜ್ಜೆ 9: ರೂಬಿನ್

ಪಕ್ಕದ ಕಣಿವೆಯ ಪ್ರಿಚರ್ಡ್ ಮನೆಯ ಇಬ್ಬರು ಹುಡುಗರು ಎರಡು ಡಾಲರ್ ಪಣ ಕಟ್ಟಿ ಬಿಲ್ಲಿಯನ್ನು ಕೆಣಕುತ್ತಾರೆ. ಯಾರಿಗೂ ಸಿಗದ ‘ದೆವ್ವದ ರಕೂನ್’ ಹಿಡಿದು ತೋರಿಸು ಅಂತ. ನಾಯಿಗಳು ಹಿಡಿದೇ ಬಿಡುತ್ತವೆ, ಬಿಲ್ಲಿಗೆ ಆ ಮುದಿ ಜೀವವನ್ನು ಕೊಲ್ಲಲು ಮನಸ್ಸು ಬರುವುದಿಲ್ಲ. ಜಗಳ ಹತ್ತುತ್ತದೆ, ನಾಯಿಗಳೂ ಕಚ್ಚಾಡುತ್ತವೆ, ಬಿಲ್ಲಿಯ ನಾಯಿಗಳನ್ನು ಕಡಿಯಲು ಕೊಡಲಿ ಎತ್ತಿಕೊಂಡು ಓಡುವ ರೂಬಿನ್ ಎಡವಿ ಅದರ ಮೇಲೆಯೇ ಬೀಳುತ್ತಾನೆ.

ಹಗಲು ಹೊತ್ತಿನಲ್ಲಿ ಓದಿ. ಗಾಯದ ವಿವರದ ಎರಡು ಮೂರು ಸಾಲನ್ನು ನಿಮ್ಮ ಮಾತಿನಲ್ಲಿ ಮೆತ್ತಗೆ ಮಾಡಬಹುದು, ಸಾವನ್ನು ಮಾತ್ರ ಬದಲಿಸಬೇಡಿ. ಕೆಟ್ಟವನಿಗೆ ತಕ್ಕ ಶಾಸ್ತಿಯಾಯಿತು ಎಂದು ಮಗು ಹೇಳಬಹುದು. ಆಗ ಏನೂ ಅನ್ನದೆ ಮುಂದಿನ ಪುಟ ಓದಿ. ಬಿಲ್ಲಿ ಒಬ್ಬನೇ ಹೋಗಿ ರೂಬಿನ್‌ನ ಗೋರಿಯ ಮೇಲೆ ಹೂವಿಟ್ಟು ಬರುತ್ತಾನೆ. ನನ್ನ ಮಗ ಆ ಸಾಲು ಕೇಳಿ ತುಂಬ ಹೊತ್ತು ಸುಮ್ಮನಿದ್ದು, “ಅವನ ಅಮ್ಮ ನೋಡಿದ್ದರೆ?” ಎಂದಷ್ಟೇ ಕೇಳಿದ.

ಹೆಜ್ಜೆ 10: ಸ್ಪರ್ಧೆಯನ್ನು ಓಡಿಸಿ

ತಾತ ಮೊಮ್ಮಗನ ಹೆಸರನ್ನು ದೊಡ್ಡ ಬೇಟೆ ಸ್ಪರ್ಧೆಗೆ ಕೊಡುತ್ತಾನೆ. ಚೆಲುವಿಗೆ ಆ್ಯನ್‌ಗೆ ಬೆಳ್ಳಿ ಲೋಟ, ಹಿಮಗಾಳಿಯ ರಾತ್ರಿಯ ಕೊನೆಗೆ ಚಿನ್ನದ ಲೋಟ, ಜೊತೆಗೆ 300 ಡಾಲರಿಗೂ ಮೀರಿದ ಬಹುಮಾನ. ನಾಲ್ಕೈದು ಅಧ್ಯಾಯ ಇದೇ. ಇಲ್ಲಿ ಮಾತ್ರ ವೇಗ ಹೆಚ್ಚಿಸಿ, ದಿನಕ್ಕೆ ಎರಡು ಅಧ್ಯಾಯವಾದರೂ ಸರಿ. ಡ್ಯಾನ್ ಮತ್ತು ಆ್ಯನ್ ಒಂದನ್ನೊಂದು ಬಿಟ್ಟು ಊಟ ಮಾಡದ, ಬೇಟೆಗೂ ಹೋಗದ ಸಂಗತಿ ಬಂದಾಗ ಮಾತ್ರ ಒಂದು ಉಸಿರು ನಿಲ್ಲಿ.

ಹೆಜ್ಜೆ 11: ಕೊನೆಯ ಎರಡು ಅಧ್ಯಾಯ

ಮಲಗುವ ಮುಂಚೆ ಓದಬಾರದು. ಶನಿವಾರ ಬೆಳಿಗ್ಗೆ, ತಿಂಡಿ ಆದ ಮೇಲೆ, ಆ ದಿನ ಮದುವೆ ಮುಂಜಿ ಟ್ಯೂಷನ್ ಏನೂ ಇಲ್ಲದಂತೆ ನೋಡಿಕೊಂಡು ಕೂರಿ. ಕೂರುವ ಮುಂಚೆ ನೇರವಾಗಿ ಹೇಳಿ: “ಇವತ್ತಿನ ಭಾಗದಲ್ಲಿ ನಾಯಿಗಳು ಸಾಯುತ್ತವೆ. ನಾನು ಓದುತ್ತೇನೆ. ನಿಲ್ಲಿಸು ಅಂದರೆ ನಿಲ್ಲಿಸುತ್ತೇನೆ.” ರುಚಿ ಹೋಗುತ್ತದೆ ಎಂದು ಹೆದರಬೇಡಿ. ಈ ಪುಸ್ತಕದ ಬಲ ಅಚ್ಚರಿಯಲ್ಲಿಲ್ಲ. ಹುಲಿ-ಹಸುವಿನ ಹಾಡಿನ ಕೊನೆ ನಮಗೆಲ್ಲ ಗೊತ್ತಿದ್ದರೂ ಪ್ರತಿ ಸಲ ಗಂಟಲು ಕಟ್ಟುತ್ತದಲ್ಲ, ಹಾಗೆ.

ಬೆಟ್ಟದ ಸಿಂಹ ಬಿಲ್ಲಿಯ ಮೇಲೆ ಹಾರುವಾಗ ನಾಯಿಗಳು ನಡುವೆ ಬೀಳುತ್ತವೆ. ಡ್ಯಾನ್‌ಗೆ ಆದ ಗಾಯ ವಾಸಿಯಾಗುವಂಥದ್ದಲ್ಲ. ಅವನು ಸತ್ತ ಮೇಲೆ ಆ್ಯನ್ ಅನ್ನ ನೀರು ಬಿಡುತ್ತಾಳೆ. ಕೆಲವೇ ದಿನ, ಡ್ಯಾನ್‌ನ ಗೋರಿಯ ತನಕ ತೆವಳಿಕೊಂಡು ಹೋಗಿ ಅದರ ಮೇಲೆಯೇ ಪ್ರಾಣ ಬಿಟ್ಟಿರುತ್ತಾಳೆ. ಓದುವಾಗ ನಿಮ್ಮ ದನಿ ಒಡೆದರೆ ಒಡೆಯಲಿ. ದೊಡ್ಡವರು ಅಳುವುದನ್ನು ಮಗು ನೋಡಬಹುದು. ಮೂರನೆಯ ಸಲ ಓದುವಾಗ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಂದಿನ ಅರ್ಧ ಪುಟವನ್ನು ಅಕ್ಕನ ಮಗನೇ ಓದಿದ, ನಿಧಾನವಾಗಿ, ಇಂಗ್ಲಿಷಿನಲ್ಲೇ.

ಬಹುಮಾನದ ದುಡ್ಡಿನಿಂದ ಮನೆಯವರು ಪೇಟೆಗೆ ಹೋಗಬಹುದು, ಮಕ್ಕಳು ಶಾಲೆ ಸೇರಬಹುದು. ನಾಯಿಗಳಿದ್ದಿದ್ದರೆ ಬಿಲ್ಲಿ ತಾತನ ಹತ್ತಿರವೇ ಉಳಿಯಬೇಕಾಗಿತ್ತು, ಮನೆಯವರು ಬೇರೆಯಾಗಬಾರದೆಂದೇ ದೇವರು ಹೀಗೆ ಮಾಡಿರಬಹುದು ಎಂದು ಅಪ್ಪ ಸಮಾಧಾನ ಹೇಳುತ್ತಾನೆ. ಮಗು ಇದನ್ನು ಒಪ್ಪದಿದ್ದರೆ ಒತ್ತಾಯ ಬೇಡ. ನನ್ನ ಮಗಳು ಇವತ್ತಿಗೂ ಒಪ್ಪಿಲ್ಲ. ನನಗೂ ಆ ಸಮಾಧಾನ ಸಾಲದು ಎಂದೇ ಅನಿಸುತ್ತದೆ, ಆದರೆ ಮಗನ ದುಃಖದ ಎದುರು ನಿಂತ ಬಡವ ಅಪ್ಪನಿಗೆ ಬೇರೆ ಯಾವ ಮಾತು ಸಿಗುತ್ತಿತ್ತು?

ಊರು ಬಿಡುವ ವಸಂತದಲ್ಲಿ ಎರಡು ಗೋರಿಗಳ ನಡುವೆ ಕೆಂಪು ಜರೀಗಿಡ ಎದ್ದಿರುತ್ತದೆ. ಹಿಮದಲ್ಲಿ ದಾರಿತಪ್ಪಿ ಸತ್ತ ಒಬ್ಬ ಇಂಡಿಯನ್ ಹುಡುಗ, ಒಬ್ಬಳು ಹುಡುಗಿಯ ನಡುವೆ ಅಂಥದ್ದೇ ಗಿಡ ಹುಟ್ಟಿತ್ತು, ಅದರ ಬೀಜ ನೆಡಬಲ್ಲವನು ದೇವದೂತ ಮಾತ್ರ ಎಂಬ ಐತಿಹ್ಯವನ್ನು ಬಿಲ್ಲಿ ನೆನೆಯುತ್ತಾನೆ. ಆಮೇಲೆ ಪುಸ್ತಕ ಮುಚ್ಚಿ ಹೊರಗೆ ಹೋಗಿ ಸ್ವಲ್ಪ ನಡೆಯಿರಿ. ಚರ್ಚೆ, ಪ್ರಶ್ನೋತ್ತರ, ಚಿತ್ರ ಬರೆಸುವುದು ಎಲ್ಲ ನಾಳೆಗೆ.

ಹೆಜ್ಜೆ 12: ಆಮೇಲಿನ ವಾರ

ಮಗು ನಾಯಿ ಬೇಕು ಅನ್ನುತ್ತದೆ. ಖಂಡಿತ ಅನ್ನುತ್ತದೆ. ಆ ವಾರವೇ ತರಬೇಡಿ, ತರುವುದೇ ಇಲ್ಲ ಎಂದೂ ಹೇಳಬೇಡಿ. ಡಬ್ಬಿ ಮೇಜಿನ ಮೇಲೆಯೇ ಇದೆಯಲ್ಲ. ತರುವುದಾದರೆ ಬೀದಿಯ ಮರಿಯನ್ನೇ ತನ್ನಿ, ನಮ್ಮ ಹವೆಗೆ ಅದಕ್ಕಿಂತ ಹೊಂದುವ ತಳಿ ಇಲ್ಲ. ಮರಿಗೆ ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ಲೆಕ್ಕಕ್ಕೆ.

ಲೇಖಕರ ಕಥೆಯನ್ನು ಈಗ ಹೇಳಿ. ವಿಲ್ಸನ್ ರಾಲ್ಸ್ ಹುಟ್ಟಿದ್ದು 1913ರಲ್ಲಿ, ಇದೇ ಒಕ್ಲಹೋಮದ ಗುಡ್ಡಗಾಡಿನಲ್ಲಿ. ಬಡತನ, ಶಾಲೆ ಅಷ್ಟಕ್ಕಷ್ಟೇ, ಅಮ್ಮ ಮಕ್ಕಳನ್ನು ಕೂರಿಸಿಕೊಂಡು ಓದಿ ಹೇಳುತ್ತಿದ್ದ ಪುಸ್ತಕಗಳೇ ವಿದ್ಯೆ. ದೊಡ್ಡವರಾಗಿ ಬಡಗಿ ಕೆಲಸ ಮಾಡುತ್ತ ಊರೂರು ಅಲೆದರು, ಕದ್ದುಮುಚ್ಚಿ ಕಥೆ ಬರೆದರು. ಕಾಗುಣಿತ ಸರಿಯಿಲ್ಲ, ವಿರಾಮಚಿಹ್ನೆ ಬಾರದು ಎಂಬ ನಾಚಿಕೆಯಲ್ಲಿ 1958ರಲ್ಲಿ ಮದುವೆಗೆ ಮುಂಚೆ ಬರೆದದ್ದನ್ನೆಲ್ಲ ಸುಟ್ಟರು. ಮುಂದೆ ಹೆಂಡತಿ ಸೋಫಿ ಒತ್ತಾಯ ಮಾಡಿದಾಗ ಸುಟ್ಟ ಕಥೆಗಳಲ್ಲಿ ಒಂದನ್ನು ನೆನಪಿನಿಂದ ಮೂರು ವಾರದಲ್ಲಿ ಮತ್ತೆ ಬರೆದರು, ತಪ್ಪುಗಳನ್ನು ಆಕೆ ತಿದ್ದಿದರು. ನೀವು ಈಗಷ್ಟೇ ಮುಗಿಸಿದ ಪುಸ್ತಕ ಅದು. ನೋಟ್‌ಬುಕ್ಕಿನ ತುಂಬ ಕೆಂಪು ಗೆರೆ ಎಳೆಸಿಕೊಂಡು ಬರುವ ಮಗು ನಿಮ್ಮ ಮನೆಯಲ್ಲಿದ್ದರೆ ಇದನ್ನು ಎರಡು ಸಲ ಹೇಳಿ.

ಕೊನೆಯದಾಗಿ, ಒಂದು ವಾರ ಬಿಟ್ಟು ಮೊದಲ ಅಧ್ಯಾಯಕ್ಕೆ ಹಿಂದಿರುಗಿ. ಅಲ್ಲಿ ಬಿಲ್ಲಿ ದೊಡ್ಡವನಾಗಿದ್ದಾನೆ, ದೂರದ ಐಡಹೋದಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದಾನೆ. ಬೀದಿನಾಯಿಗಳ ಹಿಂಡು ಒಂದು ಮುದಿ ರೆಡ್‌ಬೋನನ್ನು ಹರಿಯುತ್ತಿದೆ. ಅವನು ಬಿಡಿಸಿ ಮನೆಗೆ ಕರೆತಂದು ತೊಳೆದು ಉಣಿಸುತ್ತಾನೆ. ಕತ್ತಿನ ಪಟ್ಟಿಯ ಮೇಲೆ ‘ಬಡ್ಡೀ’ ಎಂದು ನಾಯಿಯ ಹೆಸರನ್ನು ಒರಟಾಗಿ ಗೀಚಿದ ಅಕ್ಷರ, ಯಾವುದೋ ಹುಡುಗನ ಕೈಬರಹ. ಅದು ಎಲ್ಲಿಗೋ ಹೋಗಬೇಕಾದ ನಾಯಿ ಎಂದು ಅವನಿಗೆ ತಿಳಿಯುತ್ತದೆ, ಗೇಟು ತೆರೆದು ಬಿಡುತ್ತಾನೆ. ಒಳಗೆ ಬಂದು ಕೂತರೆ ಎದುರಿಗೆ ಎರಡು ಲೋಟ, ಒಂದು ಚಿನ್ನದ್ದು, ಒಂದು ಬೆಳ್ಳಿಯದು. ಮೊದಲ ಓದಿನಲ್ಲಿ ಮಕ್ಕಳು ಈ ಅಧ್ಯಾಯವನ್ನು ಆಕಳಿಸುತ್ತ ಕೇಳಿರುತ್ತಾರೆ.

ಎರಡನೇ ಸಲ ನನ್ನ ಮಗ ಲೋಟಗಳ ಸಾಲಿಗೆ ಬಂದಾಗ ನನ್ನ ಮೊಣಕೈ ಹಿಡಿದುಕೊಂಡ. ಆಮೇಲೆ ಎರಡು ಪುಟ ಹಿಂದಕ್ಕೆ ತಿರುವಿ, ಗೇಟು ತೆರೆಯುವ ಜಾಗಕ್ಕೆ ಬೆರಳಿಟ್ಟು, “ಅಮ್ಮಾ, ಆ ಮುದಿ ನಾಯಿ ಆ ಹುಡುಗನ ಮನೆ ಮುಟ್ತಾ?” ಎಂದು ಕೇಳಿದ. ಪುಸ್ತಕದಲ್ಲಿ ಇಲ್ಲ ಕಂದಾ, ಅಂದೆ. ಅವನು ಬೆರಳು ತೆಗೆಯಲಿಲ್ಲ.